ಇನ್ಸುಲಿನ್ನಿನ ದಾಯಾದಿ

ಸಕ್ಕರೆ ಖಾಯಿಲೆಯೆಂದೊಡನೆ ನಮ್ಮ ಮನಸ್ಸು ಅಡಿಗೆಮನೆಯ ಸಕ್ಕರೆ ಡಬ್ಬಿಯ ಕಡೆಗೆ ಓಡುತ್ತದೆ. ಕಾಫಿಗೆ ಸಕ್ಕರೆ ಬೇಡ. ಹಬ್ಬದ ದಿನ ಹೋಳಿಗೆ ಅರ್ಧ ಸಾಕು. ಊಟಕ್ಕೆ ಮೊದಲು ರಕ್ತದಲ್ಲಿ ಎಷ್ಟಿತ್ತು, ಊಟವಾದ ಮೇಲೆ ಎಷ್ಟಾಯಿತು. ಮನೆಮನೆಯ ಮಾತು ಇಷ್ಟರೊಳಗೇ ಸುತ್ತುತ್ತಿರುತ್ತದೆ. ನಮ್ಮ ಪ್ರಾಚೀನ ವೈದ್ಯರೂ ಸಿಹಿಯನ್ನೇ ಹಿಡಿದು ಈ ರೋಗಕ್ಕೆ ಮಧುಮೇಹವೆಂದು ಹೆಸರಿಟ್ಟರು. ಆದರೆ ಸುಮಾರು ಎರಡನೆಯ ಶತಮಾನದಲ್ಲಿ ಬಾಳಿದ ಕಪಡೋಸಿಯಾದ ಅರಿಟೇಯಸ್ ಎಂಬ ಗ್ರೀಕ್ ವೈದ್ಯನ ಕಣ್ಣಿಗೆ ಮೊದಲು ಬಿದ್ದದ್ದು ಬೇರೊಂದು ಸಂಗತಿ. ರೋಗಿಯ ಮಾಂಸವೂ ಅವಯವಗಳೂ ಕರಗಿ ಮೂತ್ರವಾಗಿ ಹರಿದುಹೋಗುತ್ತಿವೆಯೇನೋ ಎಂದು ಅವನಿಗೆ ತೋರಿತು. ಇದನ್ನು ಕವಿಕಲ್ಪನೆಯೆಂದು ತಳ್ಳಿಬಿಡುವಂತಿಲ್ಲ. ಹತ್ತೊಂಬತ್ತು ಶತಮಾನಗಳ ಬಳಿಕ ಇಂದಿನ ಪ್ರಯೋಗಶಾಲೆಗಳು ಹಿಡಿದು ಕುಳಿತಿರುವ ಪ್ರಶ್ನೆಯೂ ಹೆಚ್ಚುಕಡಿಮೆ ಅದೇ ಆಗಿದೆ.

ಇನ್ಸುಲಿನ್ ಎಂಬುದು ಸಕ್ಕರೆಯನ್ನು ಇಳಿಸುವ ರಸವೆಂದು ನಾವು ತಿಳಿದಿದ್ದೇವೆ. ತಿಳಿದದ್ದು ಸರಿಯೇ, ಆದರೆ ಅರ್ಧ. ಅದು ಮಾಂಸವನ್ನು ಕಾಯುವ ಕಾವಲುಗಾರನೂ ಹೌದು. ಸ್ನಾಯುವಿನ ಪ್ರೋಟೀನು ಒಂದು ಕಡೆ ಕಟ್ಟಲ್ಪಡುತ್ತ ಇನ್ನೊಂದು ಕಡೆ ಕಳಚಿಕೊಳ್ಳುತ್ತ ಇರುತ್ತದೆ. ಈ ಕಳಚುವಿಕೆಗೆ ತಡೆಯೊಡ್ಡುವುದು ಇನ್ಸುಲಿನ್ನಿನ ಕೆಲಸ. ಅದು ಇಲ್ಲವಾದಾಗ ಸ್ನಾಯು ಬಿಚ್ಚಿಕೊಳ್ಳುತ್ತದೆ. ಬಿಚ್ಚಿಕೊಂಡ ಅಮೈನೋ ಆಮ್ಲಗಳು ಯಕೃತ್ತಿಗೆ ಹೋಗಿ ಅಲ್ಲಿ ಮತ್ತೆ ಸಕ್ಕರೆಯಾಗುತ್ತವೆ. ಆ ಸಕ್ಕರೆ ಮೂತ್ರದಲ್ಲಿ ಹೊರಬೀಳುತ್ತದೆ. ಅರಿಟೇಯಸ್ ಹೇಳಿದ್ದು ಅಕ್ಷರಶಃ ನಡೆಯುತ್ತದೆ, ನೋಡಿ.

ಇದರ ಮಗ್ಗುಲಿಗೇ ಇನ್ನೊಂದು ಸತ್ಯವಿದೆ. ನಾವು ಉಂಡ ಅನ್ನದ ಸಕ್ಕರೆಗೆ ದೇಹದಲ್ಲಿರುವ ದೊಡ್ಡ ಕಣಜವೆಂದರೆ ಸ್ನಾಯುವೇ. ಬೆಳೆದ ಮನುಷ್ಯನ ಯಕೃತ್ತು ಸುಮಾರು 100 ಗ್ರಾಂ ಸಕ್ಕರೆಯನ್ನು ಗ್ಲೈಕೊಜೆನ್ನಿನ ರೂಪದಲ್ಲಿ ಕೂಡಿಟ್ಟುಕೊಂಡರೆ ಸ್ನಾಯುಗಳೆಲ್ಲ ಸೇರಿ 400 ಗ್ರಾಮಿನಷ್ಟನ್ನು ಇಟ್ಟುಕೊಳ್ಳುತ್ತವೆ. ಇನ್ಸುಲಿನ್ನಿನ ಪ್ರೇರಣೆಯಿಂದ ರಕ್ತವನ್ನು ಬಿಟ್ಟುಹೋಗುವ ಸಕ್ಕರೆಯ ಬಹುಪಾಲು ಸೇರುವುದು ಈ ಕಣಜವನ್ನೇ. ಕಣಜ ಕುಗ್ಗಿದರೆ ಧಾನ್ಯ ಅಂಗಳದಲ್ಲಿ ಉಳಿಯುತ್ತದೆ. ಹೀಗೆ ಸಕ್ಕರೆ ಖಾಯಿಲೆ ಸ್ನಾಯುವನ್ನು ತಿನ್ನುತ್ತದೆ; ಸ್ನಾಯು ಕ್ಷಯಿಸಿದಷ್ಟೂ ಸಕ್ಕರೆ ಖಾಯಿಲೆ ಬಲಿಯುತ್ತದೆ.

ನಮ್ಮ ದೇಶದವರಿಗೆ ಈ ವಿಷಯ ಪರರದೆಂದು ತೋರಬೇಕಾಗಿಲ್ಲ. 2004ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ಒಂದು ಭಾವಚಿತ್ರವನ್ನು ಅಚ್ಚುಹಾಕಿತು. ಅದರಲ್ಲಿ ನಿಂತವರು ಇಬ್ಬರು ವೈದ್ಯರು: ಪುಣೆಯ ಚಿತ್ತರಂಜನ ಯಾಜ್ಞಿಕ್, ಇಂಗ್ಲೆಂಡಿನ ಜಾನ್ ಯುಡ್‌ಕಿನ್. ಎತ್ತರಕ್ಕೂ ತೂಕಕ್ಕೂ ಲೆಕ್ಕಹಾಕಿದ ಅಂಕೆ ಇಬ್ಬರದೂ ಒಂದೇ, 22.3. ಇಬ್ಬರೂ ಸಪೂರವಾಗಿಯೇ ಕಾಣುತ್ತಾರೆ. ಆದರೆ ದೇಹದಲ್ಲಿದ್ದ ಕೊಬ್ಬನ್ನು ಅಳೆದಾಗ ಯುಡ್‌ಕಿನ್ನರಲ್ಲಿ ಶೇಕಡಾ 9.1, ಯಾಜ್ಞಿಕರಲ್ಲಿ 21.2! ತೆಳ್ಳಗಿದ್ದೇನೆಂದು ಕನ್ನಡಿಯ ಮುಂದೆ ಸಮಾಧಾನಪಟ್ಟುಕೊಳ್ಳುವ ನಮ್ಮಂಥವರ ಮೈಯಲ್ಲಿ ಸ್ನಾಯುವಿನ ಪಾಲು ಕಡಿಮೆ, ಕೊಬ್ಬಿನ ಪಾಲು ಹೆಚ್ಚು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಗಣನೆಯ ಪ್ರಕಾರ ಭಾರತದಲ್ಲಿ ಹತ್ತು ಕೋಟಿಗೂ ಮಿಕ್ಕಿ ಜನ ಮಧುಮೇಹಿಗಳು.

ಸ್ನಾಯು ಎಂಬ ಮಾತನ್ನು ಇಷ್ಟು ಸಲ ಬಳಸಿದ ಮೇಲೆ ಕನ್ನಡ ಪಾಠ ಹೇಳುವವನಾದ ನಾನು ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಸುಶ್ರುತಸಂಹಿತೆಯಲ್ಲಿ ಸ್ನಾಯುವೇ ಬೇರೆ, ಪೇಶಿಯೇ ಬೇರೆ. ಪೇಶಿಗಳು 500, ಸ್ನಾಯುಗಳು 900 ಎಂದು ಅಲ್ಲಿ ಎಣಿಕೆ. ಕಟ್ಟುವ ನಾರು ಸ್ನಾಯು, ಮಾಂಸದ ಕಂಡ ಪೇಶಿ. ನಮ್ಮ ಪಠ್ಯಪುಸ್ತಕಗಳು ಪೇಶಿಯನ್ನು ಕರೆಯಬೇಕಾದಲ್ಲಿ ಸ್ನಾಯುವನ್ನು ಕರೆದು ಕೂರಿಸಿದವು. ಈಗ ಅದೇ ರೂಢಿಯಾಗಿದೆ, ಎಬ್ಬಿಸಿ ಪ್ರಯೋಜನವಿಲ್ಲ. ಇಂಗ್ಲಿಷಿನವರ ಪಾಡೂ ಬೇರೆಯಲ್ಲ. ಮುಪ್ಪಿನಲ್ಲಿ ಸ್ನಾಯು ಸೊರಗುವುದು ಮನುಷ್ಯನಷ್ಟೇ ಹಳೆಯದಾದರೂ ಅದಕ್ಕೊಂದು ಹೆಸರಿರಲಿಲ್ಲ. 1989ರಲ್ಲಿ ಅಮೆರಿಕದ ಅರ್ವಿನ್ ರೋಸೆನ್‌ಬರ್ಗ್ ಎಂಬ ವಿದ್ವಾಂಸರು ಗ್ರೀಕಿನಿಂದ ಎರಡು ಪದಗಳನ್ನು ಆಯ್ದು ‘ಸಾರ್ಕೊಪೀನಿಯ’ ಎಂದು ನಾಮಕರಣ ಮಾಡಿದರು. ‘ಸಾರ್ಕ್ಸ್’ ಎಂದರೆ ಮಾಂಸ, ‘ಪೀನಿಯ’ ಎಂದರೆ ಬಡತನ. ಮಾಂಸದಾರಿದ್ರ್ಯ ಎನ್ನೋಣವೇ? ಹೆಸರಿಟ್ಟ ಮೇಲೆಯೇ ಔಷಧದ ಹುಡುಕಾಟ ಬಿರುಸಾಯಿತೆಂಬುದು ಪದಗಳನ್ನು ನಂಬಿ ಬದುಕುವವರಿಗೆ ಸಂತೋಷದ ಸಂಗತಿ.

ಈಗ ಕಥೆಯ ನಾಯಕನ ಕಡೆಗೆ ಬರೋಣ. ಇನ್ಸುಲಿನ್ನಿನ ಚರಿತ್ರೆ ಅನೇಕರಿಗೆ ಗೊತ್ತು. 1921ರಲ್ಲಿ ಕೆನಡದ ಟೊರಾಂಟೊ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಅದನ್ನು ನಾಯಿಯ ಮೇದೋಜೀರಕ ಗ್ರಂಥಿಯಿಂದ ತೆಗೆದದ್ದು, 1922ರ ಜನವರಿಯಲ್ಲಿ ಲೆನರ್ಡ್ ಥಾಂಪ್ಸನ್ ಎಂಬ ಹದಿನಾಲ್ಕರ ಬಾಲಕ ಅದರಿಂದ ಬದುಕಿದ್ದು, ಇವೆಲ್ಲ ಶಾಲೆಯ ಪುಸ್ತಕಗಳಿಗೂ ಬಂದಿವೆ. ಅದರ 51 ಅಮೈನೋ ಆಮ್ಲಗಳ ಮಾಲೆಯನ್ನು ಬಿಡಿಸಿ ಬರೆದವರು ಕೇಂಬ್ರಿಜ್ಜಿನ ಫ್ರೆಡರಿಕ್ ಸ್ಯಾಂಗರ್. 1958ರ ನೊಬೆಲ್ ಪಾರಿತೋಷಕ ಅದಕ್ಕೇ ಸಂದಿತು. ಅದರ ಮೂರ್ತಿಯನ್ನು, ಎಂದರೆ ಯಾವ ಅಣು ಎಲ್ಲಿ ಕುಳಿತಿದೆಯೆಂಬುದನ್ನು, 1969ರಲ್ಲಿ ಕಂಡುಕೊಂಡದ್ದು ಆಕ್ಸ್‌ಫರ್ಡಿನ ಡೊರೊಥಿ ಹಾಡ್ಜ್‌ಕಿನ್ನರ ತಂಡ. ಆ ತಂಡದಲ್ಲಿ ಎಂ. ವಿಜಯನ್ ಇದ್ದರೆಂಬುದು ನಮ್ಮಲ್ಲಿ ಅಷ್ಟಾಗಿ ಪ್ರಚಾರವಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಡಾಕ್ಟರೇಟು ಪಡೆದು ಅಲ್ಲಿಗೆ ಹೋದವರು, ಹಿಂದಿರುಗಿ ಅದೇ ಸಂಸ್ಥೆಯಲ್ಲಿ ದಶಕಗಳ ಕಾಲ ಪ್ರೋಟೀನುಗಳ ರೂಪಗಳನ್ನು ಬಿಡಿಸುತ್ತ ಕುಳಿತರು. 2022ರಲ್ಲಿ ತೀರಿಕೊಂಡರು.

ಮಾಲೆಯೂ ಮೂರ್ತಿಯೂ ತಿಳಿದ ಮೇಲೆ ಮನುಷ್ಯ ಸುಮ್ಮನಿರುವುದುಂಟೆ? 1978ರಲ್ಲಿ ಮನುಷ್ಯನ ಇನ್ಸುಲಿನ್ನಿನ ಬರಹವನ್ನು ಬ್ಯಾಕ್ಟೀರಿಯಾದ ಒಳಗಿಟ್ಟು ಅದರಿಂದಲೇ ಇನ್ಸುಲಿನ್ ಮಾಡಿಸಲಾಯಿತು. 1982ರಲ್ಲಿ ಅದು ಔಷಧದಂಗಡಿಗೆ ಬಂದಿತು. ಅಲ್ಲಿಂದ ಮುಂದಿನದು ತಿದ್ದುಪಡಿಯ ಕಾಲ. ಸ್ವಾಭಾವಿಕ ಇನ್ಸುಲಿನ್ನಿಗೆ ಒಂದು ಚಾಳಿಯಿದೆ. ಸೂಜಿಯಿಂದ ಚರ್ಮದ ಕೆಳಗೆ ಹೋದಾಗ ಆರಾರು ಅಣುಗಳು ಗುಂಪುಗೂಡಿ ಕುಳಿತಿರುತ್ತವೆ. ಗುಂಪು ಚದರಿ ರಕ್ತಕ್ಕೆ ಸೇರುವಷ್ಟರಲ್ಲಿ ಊಟ ಮುಗಿದು ಎಲೆ ಎತ್ತಿ ಆಗಿರುತ್ತದೆ. ಈ ಚಾಳಿಯನ್ನು ಬಿಡಿಸುವ ಉಪಾಯ ಎಲ್ಲಿಂದ ಬಂತೆಂದರೆ ಇನ್ಸುಲಿನ್ನಿನ ಒಬ್ಬ ದಾಯಾದಿಯಿಂದ.

ಆ ದಾಯಾದಿಯ ಪರಿಚಯವಾಗಬೇಕು. ಅವನನ್ನು ಎರಡು ಊರುಗಳಲ್ಲಿ ಎರಡು ಗುಂಪಿನವರು ಬೇರೆಬೇರೆ ಹೆಸರಿನಿಂದ ಹುಡುಕುತ್ತಿದ್ದರು. 1957ರಲ್ಲಿ ಅಮೆರಿಕದ ಸೇಂಟ್ ಲೂಯಿಯಲ್ಲಿ ಸಾಲ್ಮನ್ ಮತ್ತು ಡಾಹಡೇ ಎಂಬಿಬ್ಬರು ಇಲಿಯ ಮೃದ್ವಸ್ಥಿಯ ತುಣುಕಿಗೆ ಪಿಟ್ಯುಟರಿ ಗ್ರಂಥಿಯ ಬೆಳವಣಿಗೆಯ ಹಾರ್ಮೋನನ್ನು ನೇರವಾಗಿ ಸೇರಿಸಿ ನೋಡಿದರು. ಹೇಳಿಕೊಳ್ಳುವಂಥ ಪರಿಣಾಮ ಕಾಣಲಿಲ್ಲ. ಆ ಹಾರ್ಮೋನನ್ನು ಇಲಿಗೆ ಚುಚ್ಚಿ, ಆ ಇಲಿಯ ರಕ್ತರಸವನ್ನು ಸೇರಿಸಿದರೆ ತುಣುಕು ಚುರುಕಾಯಿತು. ಎಂದ ಮೇಲೆ ಅರಸನ ಆಜ್ಞೆಯನ್ನು ಊರಿಗೆ ಮುಟ್ಟಿಸುವ ಅಮಲ್ದಾರನೊಬ್ಬ ನಡುವೆ ಇರಬೇಕು. ಇತ್ತ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಫ್ರೋಷ್ ಮತ್ತು ಅವರ ಸಂಗಡಿಗರು 1963ರಲ್ಲಿ ಇನ್ನೊಂದು ಸೋಜಿಗವನ್ನು ಕಂಡರು. ರಕ್ತರಸದಲ್ಲಿದ್ದ ಇನ್ಸುಲಿನ್ನನ್ನೆಲ್ಲ ಪ್ರತಿವಿಷದಿಂದ ಅಡಗಿಸಿದ ಮೇಲೆಯೂ ಇನ್ಸುಲಿನ್ನಿನಂತಹ ಕೆಲಸ ನಡೆಯುತ್ತಲೇ ಇತ್ತು! ಎರಡೂ ಒಬ್ಬನದೇ ಕೈವಾಡವೆಂಬುದು ಕ್ರಮೇಣ ತಿಳಿಯಿತು. 1978ರಲ್ಲಿ ಜ್ಯೂರಿಕ್‌ನ ರಿಂಡರ್‌ಕ್ನೆಖ್ಟ್ ಮತ್ತು ಹುಂಬೆಲ್ ಅವನ 70 ಅಮೈನೋ ಆಮ್ಲಗಳ ಮಾಲೆಯನ್ನು ಪ್ರಕಟಿಸಿದರು. ಅದರ ಅರ್ಧದಷ್ಟು ಇನ್ಸುಲಿನ್ನಿನ ಮಾಲೆಯೇ. ಇನ್ಸುಲಿನ್ ಸದೃಶ ವೃದ್ಧಿಕಾರಕವೆಂದು ಹೆಸರಾಯಿತು. ಇಂಗ್ಲಿಷಿನ ಮೊದಲಕ್ಷರಗಳಿಂದ ಅದನ್ನು ಐಜಿಎಫ್-1 ಎನ್ನುತ್ತಾರೆ. ನಾನು ವೃದ್ಧಿಕಾರಕವೆಂದೇ ಕರೆಯುತ್ತೇನೆ.

ಇಬ್ಬರೂ ಒಂದೇ ಮೂಲಪುರುಷನ ಸಂತಾನ. ಪಾಲಾಗಿ ಬೇರೆ ಬೇರೆ ಮನೆ ಹೂಡಿದ್ದಾರೆ. ಇನ್ಸುಲಿನ್ ಮೇದೋಜೀರಕದಲ್ಲಿ ಹುಟ್ಟಿ ಊಟದ ಹೊತ್ತಿಗೆ ಏರಿ ಇಳಿಯುತ್ತದೆ. ವೃದ್ಧಿಕಾರಕ ಮುಖ್ಯವಾಗಿ ಯಕೃತ್ತಿನಲ್ಲಿ ಹುಟ್ಟಿ ಹಗಲೂ ರಾತ್ರಿ ಒಂದೇ ಸಮನೆ ರಕ್ತದಲ್ಲಿರುತ್ತದೆ. ಇನ್ಸುಲಿನ್ನಿಗಿಂತ ಅದರ ಪ್ರಮಾಣ ನೂರಾರು ಪಾಲು ಹೆಚ್ಚು. ಅಷ್ಟೊಂದು ಇದ್ದೂ ನಮ್ಮ ಸಕ್ಕರೆ ಪಾತಾಳಕ್ಕಿಳಿಯದಿರಲು ಕಾರಣವೇನು? ಅದನ್ನು ಹಿಡಿದು ಕಟ್ಟಿಡುವ ಆರು ಬಗೆಯ ಪ್ರೋಟೀನುಗಳು ರಕ್ತದಲ್ಲಿವೆ. ನೂರರಲ್ಲಿ ಒಂದೆರಡು ಪಾಲು ಮಾತ್ರ ಸ್ವತಂತ್ರವಾಗಿ ಓಡಾಡುತ್ತದೆ. ಉಳಿದದ್ದೆಲ್ಲ ಪಹರೆಯವರ ವಶದಲ್ಲಿ. ಈ ಪಹರೆಯ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಗುಂಪುಗೂಡುವ ಚಾಳಿ ಈ ದಾಯಾದಿಗೆ ಇಲ್ಲ. ಇನ್ಸುಲಿನ್ನಿನ ಒಂದು ಮಾಲೆಯ ಕೊನೆಯ ಹತ್ತಿರ ಪ್ರೋಲಿನ್, ಲೈಸಿನ್ ಎಂಬ ಎರಡು ಮಣಿಗಳು ಒಂದರ ಪಕ್ಕ ಒಂದಿವೆ. ವೃದ್ಧಿಕಾರಕದಲ್ಲಿ ಅದೇ ಜಾಗದಲ್ಲಿ ಲೈಸಿನ್ ಮೊದಲು, ಪ್ರೋಲಿನ್ ಅನಂತರ. ಇನ್ಸುಲಿನ್ನಿನಲ್ಲೂ ಹಾಗೆ ಹಿಂದುಮುಂದಾಗಿಸಿ ನೋಡಿದರೆ ಹೇಗೆ? ನೋಡಿದರು. ಗುಂಪು ಸಡಿಲವಾಯಿತು, ಊಟದ ಹೊತ್ತಿಗೆ ಸರಿಯಾಗಿ ಕೆಲಸ ಮಾಡುವ ಇನ್ಸುಲಿನ್ 1996ರಲ್ಲಿ ಮಾರುಕಟ್ಟೆಗೆ ಬಂದಿತು. ಎರಡು ಮಣಿಗಳ ಸ್ಥಾನಪಲ್ಲಟ, ಅಷ್ಟೆ. ವ್ಯಾಕರಣದಲ್ಲಿ ಎರಡಕ್ಷರ ಅದಲುಬದಲಾದರೆ ಅರ್ಥ ಕೆಡುತ್ತದೆ. ಇಲ್ಲಿ ಕೋಟ್ಯಂತರ ಜನರ ಊಟ ಸುಗಮವಾಯಿತು.

ಎಲ್ಲ ತಿದ್ದುಪಡಿಗಳೂ ಇಷ್ಟು ಸೌಮ್ಯವಾಗಿರಲಿಲ್ಲ. ಅದೇ ಇನ್ಸುಲಿನ್ನಿನ ಹತ್ತನೆಯ ಮಣಿಯೊಂದನ್ನು ಬದಲಿಸಿದ ಮತ್ತೊಂದು ರೂಪವನ್ನು ಪರೀಕ್ಷಿಸಿದಾಗ ಹೆಣ್ಣಿಲಿಗಳ ಸ್ತನದಲ್ಲಿ ಗೆಡ್ಡೆಗಳು ಹೆಚ್ಚಾಗಿ ಬೆಳೆದವು. ಆ ರೂಪ ತನ್ನ ಬಾಗಿಲಿಗೆ ಅತಿಯಾಗಿ ಅಂಟಿಕೊಳ್ಳುತ್ತಿತ್ತು. ದಾಯಾದಿಯ ಬಾಗಿಲನ್ನೂ ಮಿತಿಮೀರಿ ತಟ್ಟುತ್ತಿತ್ತು. ಅದನ್ನು ಅಲ್ಲಿಗೇ ಕೈಬಿಟ್ಟರು. ಬೆಳೆಸುವ ಶಕ್ತಿ ಯಾವುದನ್ನು ಬೆಳೆಸಬೇಕೆಂದು ವಿವೇಚಿಸುವುದಿಲ್ಲವೆಂಬ ಎಚ್ಚರ ಅಂದಿನಿಂದ ಈ ವಿದ್ಯೆಯವರ ಬೆನ್ನು ಬಿಟ್ಟಿಲ್ಲ. ನಮ್ಮ ಮನೆಗಳಲ್ಲಿ ಅನೇಕ ಹಿರಿಯರು ರಾತ್ರಿ ತೆಗೆದುಕೊಳ್ಳುವ ಗ್ಲಾರ್ಜಿನ್ ಎಂಬ ದೀರ್ಘಕಾಲದ ಇನ್ಸುಲಿನ್ನಿನ ವಿಷಯದಲ್ಲೂ ಇಂಥದೇ ಸಂಶಯ ಎದ್ದಿತ್ತು. ಅದಕ್ಕೆ ಉತ್ತರವೂ ಬಂದಿದೆಯೆಂದು ಇಲ್ಲಿಯೇ ಹೇಳಿಬಿಡುತ್ತೇನೆ, ಯಾರೂ ಗಾಬರಿಪಡುವುದು ಬೇಡ. 12,500ಕ್ಕೂ ಹೆಚ್ಚು ಜನರನ್ನು ಆರು ವರ್ಷಗಳಿಗೂ ಮಿಕ್ಕಿ ಗಮನಿಸಿ 2012ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಅರ್ಬುದ ಹೆಚ್ಚಿದ್ದು ಕಾಣಲಿಲ್ಲ. 2021ರಲ್ಲಿ ಅಮೆರಿಕದ ಔಷಧ ಇಲಾಖೆ ಮೂಲ ಔಷಧಕ್ಕೆ ಬದಲಾಗಿ ಕೊಡಬಹುದೆಂದು ಒಪ್ಪಿದ ಮೊಟ್ಟಮೊದಲ ಗ್ಲಾರ್ಜಿನ್ ನಮ್ಮ ಬೆಂಗಳೂರಿನ ಬಯೋಕಾನ್ ಸಂಸ್ಥೆಯದು. ಬ್ಯಾಕ್ಟೀರಿಯಾದ ಬದಲು ಒಂದು ಬಗೆಯ ಈಸ್ಟಿನಿಂದ ಇನ್ಸುಲಿನ್ ತಯಾರಿಸಿ ಆ ಸಂಸ್ಥೆ 2004ರಿಂದಲೇ ಮಾರುತ್ತಿತ್ತು.

ಇನ್ನು ದಾಯಾದಿಯನ್ನೇ ಔಷಧವಾಗಿ ಕೊಟ್ಟರೆ? ಇಲ್ಲಿಂದ ವಿಷಯ ರಸವತ್ತಾಗುತ್ತದೆ. ಯೋಚನೆ ಸಹಜವಾದದ್ದೇ. ಸಕ್ಕರೆಯನ್ನು ಇಳಿಸುತ್ತದೆ, ಮಾಂಸವನ್ನು ಬೆಳೆಸುತ್ತದೆ. ಮಧುಮೇಹ, ಸ್ನಾಯುಕ್ಷಯ ಎರಡಕ್ಕೂ ಒಂದೇ ಸೂಜಿ ಸಾಲದೆ?

ಅತ್ಯಂತ ಮನೋಹರವಾದ ಗೆಲುವು ಬಂದದ್ದು ಅತ್ಯಂತ ಅಪರೂಪದ ರೋಗದಲ್ಲಿ. ಕೆಲವು ಶಿಶುಗಳಿಗೆ ಇನ್ಸುಲಿನ್ನಿನ ಬಾಗಿಲೇ ಕೆಟ್ಟಿರುತ್ತದೆ. ಇನ್ಸುಲಿನ್ ಬೇಕಾದಷ್ಟು ಇದ್ದರೂ ಜೀವಕೋಶ ಅದನ್ನು ಒಳಕ್ಕೆ ಬಿಡದು. ಮೈ ಸೊರಗಿ, ಬೆಳವಣಿಗೆ ನಿಂತು, ಬಹುಪಾಲು ಮಕ್ಕಳು ಎಳೆತನದಲ್ಲೇ ತೀರಿಹೋಗುತ್ತಾರೆ. ಆದರೆ ದಾಯಾದಿಯ ಬಾಗಿಲು ಬೇರೆ, ಅದು ಸರಿಯಾಗಿಯೇ ಇದೆ. 1990ರ ದಶಕದಲ್ಲಿ ಜಪಾನಿನ ವೈದ್ಯರು ಇಂಥವರಿಗೆ ಪ್ರಯೋಗಶಾಲೆಯಲ್ಲಿ ತಯಾರಿಸಿದ ವೃದ್ಧಿಕಾರಕವನ್ನು ಕೊಟ್ಟು ಸಕ್ಕರೆಯನ್ನು ಇಳಿಸಿದರು. ಮುಂಬಾಗಿಲು ಮುಚ್ಚಿದ್ದ ಮನೆಗೆ ಹಿತ್ತಿಲಿನಿಂದ ಪ್ರವೇಶ.

ಇನ್ನೊಂದು ಉಪಯೋಗ ಬೆಳೆಯದ ಮಕ್ಕಳಿಗೆ. ಇಸ್ರೇಲಿನ ಜ್ವಿ ಲಾರಾನ್ 1966ರಲ್ಲಿ ಒಂದು ವಿಚಿತ್ರ ಕುಬ್ಜತೆಯನ್ನು ವರ್ಣಿಸಿದ್ದರು: ಬೆಳವಣಿಗೆಯ ಹಾರ್ಮೋನು ಧಾರಾಳವಾಗಿದೆ, ಮಗು ಬೆಳೆಯುವುದಿಲ್ಲ. ಆ ಹಾರ್ಮೋನಿನ ಬಾಗಿಲು ಕೆಟ್ಟು ವೃದ್ಧಿಕಾರಕ ಹುಟ್ಟುವುದೇ ಇಲ್ಲ. ದಕ್ಷಿಣ ಅಮೆರಿಕದ ಈಕ್ವಡಾರಿನ ಬೆಟ್ಟಗಾಡಿನಲ್ಲಿ ಇಂಥವರು ನೂರರಷ್ಟು ಮಂದಿ ಇದ್ದಾರೆ. ಎತ್ತರ ನಾಲ್ಕಡಿಯ ಆಸುಪಾಸು ಅಥವಾ ಅದಕ್ಕೂ ಕಡಿಮೆ. ಹೈಮೆ ಗೆವಾರಾ-ಅಗಿರೆ ಎಂಬ ವೈದ್ಯರು ಅವರನ್ನು 22 ವರ್ಷ ಅನುಸರಿಸಿ 2011ರಲ್ಲಿ ವರದಿ ಬರೆದರು. 99 ಜನರಲ್ಲಿ ಮಧುಮೇಹ ಒಬ್ಬರಿಗೂ ಇಲ್ಲ. ಅರ್ಬುದ ಒಬ್ಬರಿಗೆ ಮಾತ್ರ, ಅದೂ ಪ್ರಾಣ ತೆಗೆಯಲಿಲ್ಲ. ಅದೇ ಊರಿನಲ್ಲಿ ಅದೇ ಅನ್ನ ಉಣ್ಣುವ, ಎತ್ತರವಾಗಿ ಬೆಳೆದ ಅವರ ಬಂಧುಗಳಲ್ಲಿ ನೂರಕ್ಕೆ 5 ಜನಕ್ಕೆ ಮಧುಮೇಹ, 17 ಜನಕ್ಕೆ ಅರ್ಬುದ. ಸಕ್ಕರೆಯನ್ನು ಏರಿಸುವುದರಲ್ಲಿ ಬೆಳವಣಿಗೆಯ ಹಾರ್ಮೋನಿಗೂ ಕೈಯಿದೆ; ಆ ಕೈ ಇವರಲ್ಲಿ ಕಟ್ಟಿಹೋಗಿದೆ. ಬೆಳೆಯದೆ ಉಳಿದವರಿಗೆ ವಿಧಿ ಕೊಟ್ಟ ಪರಿಹಾರವೆನ್ನಬೇಕೋ ಏನೋ! ಆದರೆ ಐದು ವರ್ಷದ ಮಗುವಿನ ತಾಯಿಗೆ ಈ ಸಮಾಧಾನ ಸಾಲುತ್ತದೆಯೆ? ಅಂಥ ಮಕ್ಕಳಿಗೆಂದೇ ವೃದ್ಧಿಕಾರಕದ ಚುಚ್ಚುಮದ್ದು 2005ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಮಗು ಊಟವನ್ನೋ ತಿಂಡಿಯನ್ನೋ ತಿನ್ನದೆ ಅದನ್ನು ಚುಚ್ಚಕೂಡದು. ಸಕ್ಕರೆ ತಟಕ್ಕನೆ ಕುಸಿದೀತು. ದಾಯಾದಿಯಲ್ಲವೆ, ರಕ್ತದ ಗುಣ ಬಿಟ್ಟೀತೆ?

ಸಾಮಾನ್ಯ ಮಧುಮೇಹಿಗಳಿಗೂ 1990ರ ದಶಕದಲ್ಲಿ ಇದನ್ನು ಕೊಟ್ಟು ನೋಡಿದರು. ಸಕ್ಕರೆ ಇಳಿಯಿತು. ಜತೆಗೆ ಮೈ ಊದಿತು, ಕೀಲು ನೋಯಿತು, ದವಡೆ ನೋಯಿತು. ಎಲ್ಲಕ್ಕಿಂತ ಹೆಚ್ಚಾಗಿ ಕಣ್ಣಿನ ಭಯ ಕಾಡಿತು. ಈ ಭಯಕ್ಕೆ ಹಳೆಯದೊಂದು ಕಾರಣವುಂಟು. 1953ರಲ್ಲಿ ಪೌಲ್ಸೆನ್ ಎಂಬ ಡೇನಿಷ್ ವೈದ್ಯರು ಮಧುಮೇಹದಿಂದ ಅಕ್ಷಿಪಟಲ ಕೆಟ್ಟಿದ್ದ ಮಹಿಳೆಯೊಬ್ಬರ ವೃತ್ತಾಂತವನ್ನು ಪ್ರಕಟಿಸಿದರು. ಹೆರಿಗೆಯ ಸಮಯದ ವಿಪತ್ತಿನಲ್ಲಿ ಆಕೆಯ ಪಿಟ್ಯುಟರಿ ಗ್ರಂಥಿ ನಾಶವಾಗಿತ್ತು. ಅನಂತರ ಕಣ್ಣಿನ ರೋಗ ಹಿಮ್ಮೆಟ್ಟಿತ್ತು. ಅದನ್ನು ಕಂಡು ವೈದ್ಯರು ಮುಂದೆ ಹಲವು ವರ್ಷಗಳ ಕಾಲ ಕುರುಡಾಗುತ್ತಿದ್ದ ಮಧುಮೇಹಿಗಳ ಪಿಟ್ಯುಟರಿಯನ್ನೇ ಶಸ್ತ್ರಕ್ರಿಯೆಯಿಂದ ತೆಗೆಯುತ್ತಿದ್ದರೆಂದರೆ ಇಂದಿನವರು ನಂಬಲಾರರು. ಲೇಸರ್ ಕಿರಣದ ಚಿಕಿತ್ಸೆ ಬಂದು ಅದನ್ನು ನಿಲ್ಲಿಸಿತು. ಕಣ್ಣಿನೊಳಗೆ ಬೇಡದ ರಕ್ತನಾಳಗಳು ಹಬ್ಬುವುದರಲ್ಲಿ ವೃದ್ಧಿಕಾರಕಕ್ಕೂ ಪಾಲುಂಟು. ತೊಡೆ ತುಂಬಿಸಲು ಹೋಗಿ ಕಣ್ಣನ್ನು ಪಣಕ್ಕಿಡುವುದು ಯಾವ ನ್ಯಾಯ? ಆ ಪ್ರಯೋಗಗಳು ಮುಂದುವರಿಯಲಿಲ್ಲ.

ಸ್ನಾಯುವಿನ ಕಡೆಯ ಕಥೆಯಲ್ಲಿ ಇಲಿಗಳು ಗೆದ್ದವು, ಮನುಷ್ಯರು ಸೋತರು. 1998ರಲ್ಲಿ ಅಮೆರಿಕದ ವಿಜ್ಞಾನಿಗಳು ವೃದ್ಧಿಕಾರಕದ ಬರಹವನ್ನು ನಿರುಪದ್ರವಿ ವೈರಸ್ಸೊಂದರ ಬೆನ್ನ ಮೇಲೆ ಹೇರಿ ಇಲಿಯ ಕಾಲಿನ ಸ್ನಾಯುವಿಗೆ ಸೇರಿಸಿದರು. ಹರೆಯದ ಇಲಿಗಳ ಬಲ ಶೇಕಡಾ 14ರಷ್ಟು ಹೆಚ್ಚಿತು. ಮುದಿ ಇಲಿಗಳಲ್ಲಿ ಅದು ಚುಚ್ಚದೆ ಬಿಟ್ಟ ಮುದಿ ಸ್ನಾಯುವಿಗಿಂತ 27ರಷ್ಟು ಮಿಗಿಲಾಯಿತು. ಮನುಷ್ಯರಲ್ಲಿ ನರಗಳು ಸತ್ತು ಸ್ನಾಯು ಒಣಗುವ ಮಾರಕ ರೋಗಕ್ಕೆ ಚುಚ್ಚುಮದ್ದಾಗಿ ಕೊಟ್ಟಾಗ ಮೊದಲನೆಯ ಪರೀಕ್ಷೆ ಆಸೆ ಹುಟ್ಟಿಸಿತು, ಎರಡನೆಯದು ಅದನ್ನು ಒಪ್ಪಲಿಲ್ಲ, 2008ರಲ್ಲಿ ಮುಗಿದ ಮೂರನೆಯದು ಪ್ರಯೋಜನವಿಲ್ಲವೆಂದು ಸಾರಿತು.

ಹಾಗಾದರೆ ಗಾಡಿ ಓಡಿಸಲು ಕುದುರೆಯನ್ನು ಹೊಡೆಯುವ ಬದಲು ಲಗಾಮು ಸಡಿಲಿಸಿದರೆ ಹೇಗೆಂದು ಬೇರೆಯವರು ಯೋಚಿಸಿದರು. ಸ್ನಾಯು ಮಿತಿಮೀರಿ ಬೆಳೆಯದಂತೆ ಹಿಡಿದಿಡುವ ಮಯೋಸ್ಟಾಟಿನ್ ಎಂಬ ಪ್ರೋಟೀನನ್ನು 1997ರಲ್ಲಿ ಸೆ-ಜಿನ್ ಲೀ ಮತ್ತು ಅಲೆಗ್ಜಾಂಡ್ರಾ ಮ್ಯಾಕ್‌ಫೆರಾನ್ ಕಂಡುಹಿಡಿದಿದ್ದರು. ಅದಿಲ್ಲದ ಇಲಿಗಳ ಸ್ನಾಯು ಎರಡು ಮೂರು ಪಟ್ಟು ಬೆಳೆಯುತ್ತದೆ. ಬೆಲ್ಜಿಯಂ ದೇಶದ ನೀಲಿ ಛಾಯೆಯ ದನದ ತಳಿಯೊಂದರಲ್ಲಿ ಈ ಲಗಾಮು ಹುಟ್ಟಿನಿಂದಲೇ ಕಡಿದಿದೆ. ಗೂಳಿಯ ತೊಡೆಗಳು ಕಲ್ಲುಬಂಡೆಯಂತೆ. ಕರುವೂ ಅಷ್ಟೇ ದಪ್ಪವಾದ್ದರಿಂದ ಹಸುವಿನ ಹೊಟ್ಟೆ ಕೊಯ್ದು ಹೆರಿಗೆ ಮಾಡಿಸಬೇಕಾಗುತ್ತದೆ.

ಈ ಲಗಾಮನ್ನು ತಡೆಯಲು ಪ್ರಯೋಗಶಾಲೆಯಲ್ಲಿ ಕಟ್ಟಿದ ಬಿಮಾಗ್ರುಮ್ಯಾಬ್ ಎಂಬ ಪ್ರತಿಕಾಯದ ಇತಿಹಾಸವನ್ನು ನೋಡಿದರೆ ವಿಜ್ಞಾನಿಗಳ ತಾಳ್ಮೆಗೆ ತಲೆಬಾಗಬೇಕು. ಹಿರಿಯರ ಸ್ನಾಯು ತಿನ್ನುವ ಒಂದು ರೋಗಕ್ಕೆ ಅದನ್ನು ಕೊಟ್ಟರು. ಮಾಂಸ ಹೆಚ್ಚಿತು. ಆರು ನಿಮಿಷದಲ್ಲಿ ರೋಗಿ ನಡೆಯುವ ದೂರ ಮಾತ್ರ ಹೆಚ್ಚಲಿಲ್ಲ. 2016ರಲ್ಲಿ ಆ ಪರೀಕ್ಷೆ ಸೋಲೆಂದು ಬರೆಸಿಕೊಂಡಿತು. ಗಾತ್ರ ಬೇರೆ, ಬಲ ಬೇರೆ. ಅಜ್ಜಿಗೆ ಬೇಕಾದದ್ದು ಕುರ್ಚಿಯಿಂದ ಏಳುವ ಶಕ್ತಿಯೇ ಹೊರತು ತೊಡೆಯ ಸುತ್ತಳತೆಯಲ್ಲ. ಕೈಬಿಟ್ಟ ಅದೇ ಔಷಧವನ್ನು ಬಳಿಕ ಸ್ಥೂಲಕಾಯದ 75 ಮಧುಮೇಹಿಗಳಲ್ಲಿ ಪರೀಕ್ಷಿಸಿದರು. 2021ರ ವರದಿ ಹೀಗಿದೆ: 48 ವಾರಗಳಲ್ಲಿ ಕೊಬ್ಬು ಶೇಕಡಾ 20ರಷ್ಟು ಇಳಿಯಿತು, ಮಾಂಸ 3.6ರಷ್ಟು ಏರಿತು, ಸಕ್ಕರೆಯ ಹತೋಟಿಯೂ ಸುಧಾರಿಸಿತು. ಹಸಿವನ್ನು ತಗ್ಗಿಸಿ ತೂಕ ಇಳಿಸುವ ಇಂದಿನ ಚುಚ್ಚುಮದ್ದುಗಳಲ್ಲಿ ಕೊಬ್ಬಿನ ಜತೆ ಒಂದಿಷ್ಟು ಸ್ನಾಯುವೂ ಕರಗುತ್ತದೆಂಬ ದೂರಿದೆ. ಅವುಗಳ ಜೋಡಿಯಾಗಿ ಇದನ್ನು ಕೊಡುವ ಪರೀಕ್ಷೆಗಳು ಆ ಕಾರಣದಿಂದಲೇ ಹುಟ್ಟಿಕೊಂಡವು.

ಸೋದರಿಯೊಬ್ಬರು ಕಾಗದ ಬರೆದಿದ್ದಾರೆ. ಅವರ ಮಾವನವರಿಗೆ ಎಪ್ಪತ್ತೆರಡು ವರ್ಷ, ಇಪ್ಪತ್ತು ವರ್ಷದ ಸಕ್ಕರೆ ಖಾಯಿಲೆ. ಈಚೆಗೆ ಪಂಚೆ ಸೊಂಟದಲ್ಲಿ ನಿಲ್ಲದಷ್ಟು ಇಳಿದುಹೋಗಿದ್ದಾರೆ. ವ್ಯಾಯಾಮಶಾಲೆಗೆ ಹೋಗುವ ಮಗ, ‘ತಾತನಿಗೆ ಇದನ್ನು ಚುಚ್ಚಿಸೋಣ, ನಮ್ಮ ಜಿಮ್ಮಿನವರು ತರಿಸಿಕೊಡುತ್ತಾರೆ’ ಎಂದು ಒಂದು ಚಿಕ್ಕ ಸೀಸೆಯ ಚಿತ್ರ ತೋರಿಸುತ್ತಿದ್ದಾನಂತೆ. ಚಿತ್ರವನ್ನು ಅವರು ಕಳಿಸಿದ್ದಾರೆ. ‘ಸಂಶೋಧನೆಗೆ ಮಾತ್ರ’ ಎಂದು ಸೀಸೆಯ ಮೇಲೆಯೇ ಅಚ್ಚಾಗಿದೆ.

ಅಮ್ಮಾ, ಆ ಸೀಸೆಯ ಮೇಲಿನ ಹೆಸರು ನಮ್ಮ ದಾಯಾದಿಯ ತಿದ್ದಿದ ರೂಪದ್ದು. ಆಸ್ಟ್ರೇಲಿಯದ ಅಡಿಲೇಡಿನಲ್ಲಿ ಅದನ್ನು ರೂಪಿಸಿದರು. 70 ಮಣಿಗಳ ಮಾಲೆಗೆ ಮುಂದೆ 13 ಮಣಿಗಳನ್ನು ಪೋಣಿಸಿ, ಮೂರನೆಯ ಮಣಿಯನ್ನು ಬದಲಿಸಿದ್ದಾರೆ. ಹಾಗೆ ಮಾಡಿದ್ದರಿಂದ ಹಿಂದೆ ಹೇಳಿದ ಪಹರೆಯ ಪ್ರೋಟೀನುಗಳು ಅದನ್ನು ಹಿಡಿಯಲಾರವು. ಗಾಜಿನ ಪಾತ್ರೆಯಲ್ಲಿ ಜೀವಕೋಶಗಳನ್ನು ಬೆಳೆಸುವವರಿಗೆ ಇದರಿಂದ ಬಹಳ ಅನುಕೂಲ. ಅದರ ಉಪಯೋಗವೂ ಅಲ್ಲಿಯೇ. ಮನುಷ್ಯನ ಚಿಕಿತ್ಸೆಗೆ ಅದಕ್ಕೆ ಅನುಮತಿ ಸಿಕ್ಕಿಲ್ಲ. ಆಟಗಾರರು ಈ ಜಾತಿಯ ಪದಾರ್ಥಗಳನ್ನು ಮುಟ್ಟಬಾರದೆಂದು ಜಾಗತಿಕ ಉದ್ದೀಪನ ನಿಷೇಧ ಸಂಸ್ಥೆಯ ಕಟ್ಟಳೆಯೂ ಇದೆ. ಇನ್ಸುಲಿನ್ ತೆಗೆದುಕೊಳ್ಳುತ್ತಿರುವ ವೃದ್ಧರೊಬ್ಬರಿಗೆ ಪಹರೆಯಿಲ್ಲದ ಇನ್ನೊಂದು ಇನ್ಸುಲಿನ್ ಸದೃಶವನ್ನು ಮನೆಯಲ್ಲಿ ಚುಚ್ಚಿದರೆ, ನಡುರಾತ್ರಿಯಲ್ಲಿ ಸಕ್ಕರೆ ಕುಸಿದಾಗ ಎಚ್ಚರವಾಗಿ ನೋಡುವವರಾರು? ಸೀಸೆಯೊಳಗೆ ಹೆಸರಿಗೆ ತಕ್ಕ ವಸ್ತುವೇ ಇದೆಯೆಂಬುದಕ್ಕೂ ಜಿಮ್ಮಿನವರ ಮಾತಲ್ಲದೆ ಬೇರೆ ಸಾಕ್ಷಿಯಿಲ್ಲ. ಮಾವನವರು ಹೀಗೆ ಇಳಿದುಹೋಗುತ್ತಿರುವುದನ್ನು ಅವರ ಡಾಕ್ಟರಿಗೆ ಬೇಗನೆ ತೋರಿಸಿ. ಸಕ್ಕರೆ ಹತೋಟಿ ತಪ್ಪಿದ್ದೂ ಆಗಿರಬಹುದು, ಬೇರೆ ಕಾರಣವೂ ಇರಬಹುದು.

ಮಗನಿಗೆ ಜಿಮ್ಮಿನ ಗೀಳಿದೆಯಷ್ಟೆ? ಅದನ್ನೇ ತಾತನ ಉಪಯೋಗಕ್ಕೆ ತಿರುಗಿಸಬಹುದು. ಸ್ನಾಯು ದುಡಿದಾಗ ತನಗೆ ಬೇಕಾದ ವೃದ್ಧಿಕಾರಕವನ್ನು ತಾನೇ ತನ್ನೊಳಗೇ ತಯಾರಿಸಿಕೊಳ್ಳುತ್ತದೆ. ಅದು ಕಣ್ಣಿಗೂ ಹೋಗುವುದಿಲ್ಲ, ಬೇರೆಲ್ಲಿಗೂ ಹೋಗುವುದಿಲ್ಲ. ದುಡಿಯುವ ಸ್ನಾಯು ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ಸಕ್ಕರೆಯನ್ನು ಒಳಕ್ಕೆಳೆದುಕೊಳ್ಳುತ್ತದೆ ಕೂಡ. ವಯಸ್ಸಾಯಿತೆಂಬ ನೆಪವನ್ನು ಬಾಸ್ಟನ್ನಿನ ವೈದ್ಯೆ ಮರಿಯ ಫಿಯಾಟರೋನೆ ಮತ್ತು ಸಂಗಡಿಗರು 1990ರಲ್ಲೇ ಪರೀಕ್ಷಿಸಿದ್ದಾರೆ. ವೃದ್ಧಾಶ್ರಮದ ಹತ್ತು ಜನರನ್ನು ಆರಿಸಿದರು. ಸರಾಸರಿ ವಯಸ್ಸು ತೊಂಬತ್ತು. ವೈದ್ಯರ ಕಣ್ಣೆದುರಿನಲ್ಲಿ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಮೊದಲು ಹಗುರ, ಆಮೇಲೆ ಹೆಚ್ಚು. ಕೊನೆಯವರೆಗೆ ಉಳಿದವರು ಒಂಬತ್ತು ಮಂದಿ. ಅವರ ತೊಡೆಯ ಸ್ನಾಯು ದಪ್ಪವಾದದ್ದು ಶೇಕಡಾ 9 ಮಾತ್ರ. ಬಲ ಹೆಚ್ಚಿದ್ದು ಸರಾಸರಿ 174! ಅಭ್ಯಾಸ ನಿಲ್ಲಿಸಿ ಮತ್ತೆ ಕುರ್ಚಿಯಲ್ಲಿ ಕುಳಿತ ಮೇಲೆ ಆ ಬಲದಲ್ಲಿ ಮೂರರಲ್ಲೊಂದು ಪಾಲು ಹೊರಟುಹೋಗಲು ನಾಲ್ಕೇ ವಾರ ಸಾಕಾಯಿತು.